ಆರನೆಯ ವರ್ಷ

ಹರಿದ ಚೇಲೆಯ ತುಂಡಿನಲ್ಲಿ ಗಂಟು ಕಟ್ಟಿ ತಂದಿದ್ದೆ,
ಮೂರೇ ಮೂರು ಬಿಲ್ಲೆ.
ವಿರಾಜಪೇಟೆಯ ಗಡಿಯಾರ ಕಂಬದಿಂದ ಕೆಳಗಿಳಿದರೆ
ಮೊಯ್ದೂಟ್ಟಿ ಕಾಕನ ವಾಚು ರಿಪೇರಿ ಅಂಗಡಿ.
ಗೋಡೆ ತುಂಬ ನಿಂತುಹೋದ ಗಡಿಯಾರಗಳು,
ಒಂದೊಂದೂ ತನ್ನ ಗಂಟೆಯೇ ಸರಿ ಎನ್ನುತ್ತ.

ಕಾಕ ಗಂಟು ಬಿಚ್ಚಿ ಮೊದಲು ಮೂಸಿದರು.
'ಏನು ಹಾಕಿ ತಿಕ್ಕಿದೆ?'
'ಕಾಚಂಪುಳಿ. ಕಪ್ಪಾಗಿತ್ತಲ್ಲ.'
ಮಸೂರವನ್ನು ಕಣ್ಣಿಗೆ ಸಿಕ್ಕಿಸಿಕೊಳ್ಳುತ್ತಲೇ ಗೊಣಗಿದರು:
'ಅದನ್ನು ಮೀನಿಗೆ ಹಾಕು ಮೋಳೇ, ಬೆಳ್ಳಿಗಲ್ಲ.
ಆ ಕಪ್ಪು ಕೂರಲು ನೂರೈವತ್ತು ವರ್ಷ ಬೇಕಾಯಿತು,
ನಿನಗೆ ಒಂದು ಮಧ್ಯಾಹ್ನ ಸಾಕಾಯಿತು.'

ಮೊದಲನೆಯದು ರಾಣಿಯ ತಲೆ. ತಕ್ಕಡಿ ಒಪ್ಪಿತು.
ಅಂಚಿನಲ್ಲಿ ಮಾತ್ರ ಬೆಸುಗೆಯ ಕಲೆ.
'ಕೊಂಡಿ ಹಾಕಿಸಿ ಯಾರೋ ಕೊರಳಿಗೆ ಕಟ್ಟಿದ್ದಾರೆ, ಆಮೇಲೆ ಕಿತ್ತಿದ್ದಾರೆ.
ಅಸಲಿಯೇ. ಅರ್ಧ ಬೆಲೆ.'
ಯಾರ ಕೊರಳು, ಯಾವ ವರ್ಷ ಬರಿದಾಯಿತು,
ಮಸೂರದಲ್ಲಿ ಅಷ್ಟು ಕಾಣುವುದಿಲ್ಲ.
ರಾಣಿ ನನ್ನ ಕಡೆ ತಿರುಗಲಿಲ್ಲ, ಎಡಕ್ಕೇ ನೋಡುತ್ತಿದ್ದಳು.

ಎರಡನೆಯದನ್ನು ಮುಟ್ಟುವ ಮೊದಲೇ ನಕ್ಕರು.
ಒಂದು ಮುಖದಲ್ಲಿ ರಾಮನ ಪರಿವಾರ, ಇನ್ನೊಂದರಲ್ಲಿ ಕಂಪನಿಯ ಹೆಸರು, ೧೮೧೮.
'ಕಂಪನಿ ಇಂಥದ್ದನ್ನು ಒತ್ತಲೇ ಇಲ್ಲ.
ಅಚ್ಚಿಗೆ ಸುರಿದ ಹಿತ್ತಾಳೆ. ನೋಡು, ಗಾಳಿಗುಳ್ಳೆಯ ತೂತು,
ಅಂಚಿನ ಸುತ್ತ ಅರ ಹಾಕಿ ಮುಚ್ಚಿದ ಗೆರೆ.'

ಇದಕ್ಕೇ ನಾಚಪ್ಪ ಮಾವ ಜೀಪು ಮಾರಿದ್ದು.
ಅಕ್ಕಿ ಎಳೆಯುತ್ತದೆ, ಕೋಟಿ ಬರುತ್ತದೆ, ಪರೀಕ್ಷೆಗೆ ಮಾತ್ರ ಮುಂಗಡ
ಎಂದಿದ್ದರಂತೆ ಎಲ್ಲಿಂದಲೋ ಬಂದ ಇಬ್ಬರು.
ಒಬ್ಬ ಕೈಗವಸು ತೊಟ್ಟಿದ್ದನಂತೆ.
ಮನೆಯೆಲ್ಲ ಮಲಗಿದ ಮೇಲೆ ಮಾವ
ತಳಿಯತಕ್ಕಿಯಿಂದ ನಾಲ್ಕು ಕಾಳು ಹೆಕ್ಕಿ ಮೇಜಿನ ಮೇಲಿಟ್ಟು
ಬೆರಳಗಲ ದೂರದಲ್ಲಿ ಈ ಬಿಲ್ಲೆ ಇಟ್ಟು
ಗಲ್ಲ ಊರಿ ಕೂರುತ್ತಿದ್ದ.
ಪಕ್ಕದಲ್ಲಿ ನಾನು, ಏಳು ವರ್ಷದವಳು, ನಿದ್ದೆ ಬಿಟ್ಟು.
ಒಂದು ರಾತ್ರಿ ಒಂದು ಕಾಳು ಅಲುಗಿತು.
ಅದು ಮಾವನ ಉಸಿರು. ನನಗೆ ಗೊತ್ತಾಗಿತ್ತು.
ಆದರೂ 'ಅಲುಗಿತು!' ಎಂದು ಕೂಗಿದವಳು ನಾನೇ.
ಮರುವಾರ ಜೀಪು ಹೋಯಿತು.

ಮೂರನೆಯದಕ್ಕೆ ಕಾಕ ಹೊತ್ತು ತೆಗೆದುಕೊಂಡರು.
ಬಲದಿಂದ ಎಡಕ್ಕೆ ತುಟಿ ಅಲುಗಿಸುತ್ತ ಓದಿದರು.
ಅಕ್ಷರಗಳು ಅರ್ಧ ಬಿಲ್ಲೆಯ ಹೊರಗೇ ಉಳಿದಿದ್ದವು.
'ಆರ್ಕಾಟಿನ ರೂಪಾಯಿ. ಇಗೋ, ತಾವರೆ.
ಒಳ್ಳೇ ಬೆಳ್ಳಿ, ತೂಕ ಸರಿ. ಆದರೆ ಬಾಯಿ ಬಿಟ್ಟರೆ ಬರೀ ಸುಳ್ಳು:
ಆರ್ಕಾಟ್ ಎನ್ನುತ್ತದೆ, ಹುಟ್ಟಿದ್ದು ಬೇರೆ ಊರಿನಲ್ಲಿ.
ಬಾದಶಹನ ಹೆಸರು ಹೇಳುತ್ತದೆ, ಅವನು ಆಗಲೇ ಮಣ್ಣು ಸೇರಿದ್ದ.
ಆಳ್ವಿಕೆಯ ಆರನೆಯ ವರ್ಷವಂತೆ.
ಎಷ್ಟು ವರ್ಷ ಒತ್ತಿದರೂ ಆರೇ. ಅಂಕಿ ಯಾರೂ ತಿದ್ದಲಿಲ್ಲ.'

ಮತ್ತೆ ಅಸಲಿ ಹೇಗೆ?

ಬಿಲ್ಲೆಯನ್ನು ಬೆಳಕಿಗೆ ಓರೆ ಹಿಡಿದರು.
ಮೈಮೇಲೆ ಸಣ್ಣ ಸಣ್ಣ ಏಟು: ಒಂದು ನಕ್ಷತ್ರ,
ಒಂದು ಚಂದ್ರನ ಚೂರು, ಬರಿಯ ಉಳಿಯ ಕಚ್ಚು.
'ಶರಾಫರ ಗುರುತು. ನಂಬದವನೊಬ್ಬ ಚುಚ್ಚಿ ನೋಡಿದ,
ಅವನನ್ನು ನಂಬದ ಇನ್ನೊಬ್ಬ ಮತ್ತೆ ಚುಚ್ಚಿದ.
ಎಂಟು ಅನುಮಾನ ಇವೆ ಇದರಲ್ಲಿ.
ಎಂಟರ ತಳದಲ್ಲೂ ಬೆಳ್ಳಿ.'

ಹಿತ್ತಾಳೆ ನುಣ್ಣಗಿತ್ತು.
ನಮ್ಮ ಮನೆಯಲ್ಲಿ ಯಾರೂ ಅದನ್ನು ಚುಚ್ಚಿರಲಿಲ್ಲ.

'ಇದನ್ನು ಎಸೆಯಲಾ?'
'ಇಟ್ಟುಕೋ. ಮೂರು ತಲೆ ದಾಟಲಿ, ಸುಳ್ಳೂ ಹಳತಾಗುತ್ತದೆ.'
ಕೂಲಿ ಕೇಳಿದರೆ, ಒಂದು ಬಾಟಲಿ ಕಾಚಂಪುಳಿ ಎಂದರು.
ಗೋಡೆಯ ಮೇಲೆ ಯಾವುದೋ ಒಂದು ಗಡಿಯಾರ ನಾಲ್ಕು ಹೊಡೆಯಿತು;
ಹೊರಗೆ ಹನ್ನೆರಡರ ಬಿಸಿಲು.

ಗೋಣಿಕೊಪ್ಪದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು
ಸೆರಗಿನ ಪಿನ್ನು ಬಿಚ್ಚಿದೆ.
ರಾಮನ ಬಿಲ್ಲಿನ ಪಕ್ಕ, ಬಸ್ಸು ಕುಲುಕಿದ್ದರಿಂದ ಸ್ವಲ್ಪ ಸೊಟ್ಟಗೆ,
ಒಂದು ಗೀರು ಹಾಕಿದೆ. ಮೂವತ್ತು ವರ್ಷ ತಡವಾಗಿ.
ಒಳಗೂ ಹಳದಿಯೇ ಇತ್ತು.